ವಾಹನದ ಓಟದ ಲೆಕ್ಕ: ಸ್ಪ್ರೆಡ್‌ಶೀಟ್‌ನಿಂದ ತಂತ್ರಾಂಶಕ್ಕೆ

ವಾಹನವೊಂದು ಎಷ್ಟು ದೂರ ಓಡಿತು, ಅದಕ್ಕೆ ಎಷ್ಟು ಇಂಧನ ವ್ಯಯವಾಯಿತು ಎಂಬ ಲೆಕ್ಕವು ಮೇಲ್ನೋಟಕ್ಕೆ ಸಾಮಾನ್ಯವಾದುದೆನಿಸಬಹುದು. ಆದರೆ ಬಾಡಿಗೆಯ ದರ, ಎಂಜಿನ್ ಆಯಿಲ್ ಬದಲಿಸುವ ಕಾಲ, ನೌಕರರಿಗೆ ಸಲ್ಲಬೇಕಾದ ಪ್ರಯಾಣ ವೆಚ್ಚ ಇವೆಲ್ಲವೂ ಆ ಲೆಕ್ಕವನ್ನೇ ಅವಲಂಬಿಸಿವೆ. ಚಾಲಕನ ಪ್ರಾಮಾಣಿಕತೆಯನ್ನು ಅಳೆಯುವ ಅಳತೆಗೋಲೂ ಅನೇಕ ಕಡೆ ಇದೇ ಆಗಿದೆ. ಆದುದರಿಂದ ಈ ದಾಖಲೆಯನ್ನು ಒಂದು ವ್ಯವಸ್ಥೆಯಿಂದ ಇನ್ನೊಂದಕ್ಕೆ ಸಾಗಿಸುವಾಗ ವಹಿಸಬೇಕಾದ ಎಚ್ಚರಗಳನ್ನು ವಾಹನ ಮಾಲೀಕರೂ ಚಾಲಕರೂ ತಿಳಿದಿರುವುದು ಅಗತ್ಯ.

ಲಾಗ್ ಪುಸ್ತಕದಿಂದ ಗಣಕಯಂತ್ರಕ್ಕೆ

ನಮ್ಮ ದೇಶದಲ್ಲಿ ಕಚೇರಿ ವಾಹನಗಳಿಗೆ ಲಾಗ್ ಪುಸ್ತಕವನ್ನೂ ಬಾಡಿಗೆ ವಾಹನಗಳಿಗೆ ಟ್ರಿಪ್ ಶೀಟನ್ನೂ ಇಡುವ ಪದ್ಧತಿ ಬಹುಕಾಲದಿಂದ ನಡೆದು ಬಂದಿದೆ. ಸಂಸ್ಥೆಯ ಕಾರನ್ನು ಕಚೇರಿ ಕೆಲಸಕ್ಕೇ ಬಳಸಲಾಗಿದೆ ಎಂದು ತೋರಿಸಬಯಸುವ ಉದ್ಯೋಗದಾತನು ಪ್ರಯಾಣದ ದಿನಾಂಕ, ಸ್ಥಳ, ದೂರ ಹಾಗೂ ವೆಚ್ಚದ ವಿವರಗಳನ್ನು ಇಡಬೇಕೆಂದು 1962ರ ಆದಾಯ ತೆರಿಗೆ ನಿಯಮಗಳು ವಿಧಿಸಿದ್ದವು.

1979ರಲ್ಲಿ ವಿಸಿಕ್ಯಾಲ್ಕ್, 1983ರಲ್ಲಿ ಲೋಟಸ್ 1-2-3, 1985ರಲ್ಲಿ ಎಕ್ಸೆಲ್ ಬಳಕೆಗೆ ಬಂದ ಮೇಲೆ ಕಾಗದದ ಕಾಲಂಗಳು ಕ್ರಮೇಣ ಗಣಕಯಂತ್ರದ ಸ್ಪ್ರೆಡ್‌ಶೀಟ್‌ಗಳಾದವು. ಒಂದೆರಡು ವಾಹನಗಳಿಗೆ ಇದು ಸಾಲುತ್ತದೆ. ಆದರೆ ವಾಹನಗಳು ಹೆಚ್ಚಿದಂತೆ, ಬರೆಯುವ ಕೈಗಳು ಹಲವಾದಂತೆ, ಯಾರು ಯಾವ ಅಂಕಿಯನ್ನು ಯಾವಾಗ ತಿದ್ದಿದರೆಂಬುದನ್ನು ಗುರುತಿಸುವುದು ಕಷ್ಟವಾಗುತ್ತದೆ. ಇದಕ್ಕೆಂದೇ ರೂಪಿಸಿದ ತಂತ್ರಾಂಶವು ಹಿಂದಿನ ಓಡೋಮೀಟರ್ ಅಂಕಿಗಿಂತ ಕಡಿಮೆಯಾದುದನ್ನು ನಮೂದಿಸಿದಾಗ ಎಚ್ಚರಿಸಬಲ್ಲದು. ಸರ್ವೀಸಿನ ದಿನವನ್ನು ನೆನಪಿಸಬಲ್ಲದು. ತಿದ್ದುಪಡಿಗಳ ಗುರುತನ್ನು ಉಳಿಸಬಲ್ಲದು. ಆದರೆ ಹಳೆಯ ದಾಖಲೆಯಲ್ಲಿದ್ದ ತಪ್ಪನ್ನು ಅದು ತಾನಾಗಿ ಸರಿಪಡಿಸಲಾರದು.

ಸಾಗಣೆಗೆ ಮುನ್ನ

ಮೊದಲನೆಯದಾಗಿ, ಮೂಲ ಕಡತದ ಒಂದು ಪ್ರತಿಯನ್ನು ತಿದ್ದದೆ ಬೇರೆಡೆ ಕಾಯ್ದಿರಿಸಬೇಕು. ಎಲ್ಲ ಶೋಧನೆಯೂ ಇನ್ನೊಂದು ಪ್ರತಿಯಲ್ಲಿಯೇ ನಡೆಯಬೇಕು.

ಎರಡನೆಯದು ದಿನಾಂಕ. ನಾವು 03/04/2024 ಎಂದು ಬರೆದರೆ ಅದು ಏಪ್ರಿಲ್ 3. ಅಮೆರಿಕದ ಪದ್ಧತಿಯ ತಂತ್ರಾಂಶಕ್ಕೆ ಅದು ಮಾರ್ಚ್ 4. ತಿಂಗಳ 12ನೆಯ ದಿನದವರೆಗಿನ ನಮೂದುಗಳು ಹೀಗೆ ಸದ್ದಿಲ್ಲದೆ ಅದಲುಬದಲಾಗುತ್ತವೆ. ಕೆಲವೊಮ್ಮೆ ದಿನಾಂಕದ ಜಾಗದಲ್ಲಿ 45385 ಎಂಬಂತಹ ಅಂಕಿ ಕಾಣಿಸಿಕೊಳ್ಳುವುದುಂಟು. ಎಕ್ಸೆಲ್ 1900ರ ಜನವರಿ 1ರಿಂದ ದಿನಗಳನ್ನು ಎಣಿಸಿ ಇಡುವುದೇ ಇದಕ್ಕೆ ಕಾರಣ. ಮೇಲಿನ ಅಂಕಿಯೂ 2024ರ ಏಪ್ರಿಲ್ 3ನ್ನೇ ಸೂಚಿಸುತ್ತದೆ. ವರ್ಷ, ತಿಂಗಳು, ದಿನ ಎಂಬ ಕ್ರಮದಲ್ಲಿ 2024-04-03 ಎಂದು ಬರೆದರೆ ಗೊಂದಲಕ್ಕೆ ಎಡೆಯಿಲ್ಲ.

ಮೂರನೆಯದು ಅಂಕಿ ಮತ್ತು ಅಳತೆ. ದತ್ತಾಂಶವನ್ನು ಸಾಮಾನ್ಯವಾಗಿ ಸಿ.ಎಸ್.ವಿ. ಎಂಬ ಸರಳ ಪಠ್ಯ ಕಡತದ ರೂಪದಲ್ಲಿ ಸಾಗಿಸಲಾಗುತ್ತದೆ. ಅದರಲ್ಲಿ ಒಂದು ಕಾಲಂ ಮುಗಿದು ಇನ್ನೊಂದು ಆರಂಭವಾಯಿತೆಂಬುದಕ್ಕೆ ಅಲ್ಪವಿರಾಮವೇ ಗುರುತು. ನಾವು ರೂಢಿಯಂತೆ 1,24,560 ಎಂದು ಬರೆದ ಓಡೋಮೀಟರ್ ಅಂಕಿ ಅಲ್ಲಿ ಮೂರು ತುಂಡಾಗುವ ಸಂಭವವಿದೆ. ಆದುದರಿಂದ ಅಂಕಿಗಳ ನಡುವಣ ಅಲ್ಪವಿರಾಮಗಳನ್ನು ತೆಗೆಯಬೇಕು. ತಂತ್ರಾಂಶದಲ್ಲಿ ಮೈಲಿ, ಗ್ಯಾಲನ್‌ಗಳಿಗೆ ಬದಲಾಗಿ ಕಿಲೋಮೀಟರ್, ಲೀಟರ್‌ಗಳನ್ನು ಆರಿಸಲಾಗಿದೆಯೇ ಎಂಬುದನ್ನೂ ನೋಡಬೇಕು.

ನಾಲ್ಕನೆಯದು ವಾಹನದ ಸಂಖ್ಯೆ. ಪುಣೆಯ ಒಂದೇ ವಾಹನವನ್ನು ಒಬ್ಬರು 'ಎಂಎಚ್ 12' ಎಂದು ಬಿಡಿಸಿಯೂ ಇನ್ನೊಬ್ಬರು 'ಎಂಎಚ್-12' ಎಂದು ಗೆರೆ ಹಾಕಿಯೂ ಆರಂಭಿಸಿ ಬರೆದಿದ್ದರೆ ತಂತ್ರಾಂಶವು ಅದನ್ನು ಎರಡು ವಾಹನಗಳೆಂದು ಭಾವಿಸಬಹುದು. ಎಲ್ಲೆಡೆ ಒಂದೇ ರೂಪವಿರಲಿ.

ಟ್ಯಾಂಕು ತುಂಬಿತ್ತೇ?

ಅತ್ಯಂತ ಹೆಚ್ಚಿನ ಅನರ್ಥಕ್ಕೆ ಕಾರಣವಾಗುವ ಅಂಶ ಇದು. ಟ್ಯಾಂಕನ್ನು ಒಮ್ಮೆ ಪೂರ್ತಿ ತುಂಬಿಸಿ, ಮತ್ತೆ ಪೂರ್ತಿ ತುಂಬಿಸುವವರೆಗೆ ಓಡಿದ ದೂರವನ್ನು ಆ ನಡುವೆ ಹಾಕಿಸಿದ ಒಟ್ಟು ಇಂಧನದಿಂದ ಭಾಗಿಸಿದಾಗ ಮಾತ್ರ ಸರಿಯಾದ ಮೈಲೇಜ್ ದೊರೆಯುತ್ತದೆ.

ಒಂದು ಉದಾಹರಣೆಯನ್ನು ನೋಡೋಣ. ಪುಣೆಯಿಂದ ಹುಬ್ಬಳ್ಳಿಗೆ ಸರಕು ಒಯ್ಯುವ ಚಿಕ್ಕ ವಾಹನವೊಂದರ ಟ್ಯಾಂಕನ್ನು 48,200 ಕಿಲೋಮೀಟರಿಗೆ ಪೂರ್ತಿ ತುಂಬಿಸಲಾಯಿತೆಂದು ಭಾವಿಸೋಣ. 48,520ರಲ್ಲಿ ಕೈಯಲ್ಲಿದ್ದ ಹಣಕ್ಕೆ ತಕ್ಕಂತೆ 10 ಲೀಟರ್ ಹಾಕಿಸಲಾಯಿತು. 48,680ರಲ್ಲಿ 30 ಲೀಟರ್ ಹಾಕಿಸಿದಾಗ ಟ್ಯಾಂಕು ಮತ್ತೆ ತುಂಬಿತು. ಒಟ್ಟು ದೂರ 480 ಕಿಲೋಮೀಟರ್, ಇಂಧನ 40 ಲೀಟರ್; ಮೈಲೇಜ್ ಲೀಟರಿಗೆ 12 ಕಿಲೋಮೀಟರ್.

ಹಳೆಯ ಸ್ಪ್ರೆಡ್‌ಶೀಟ್‌ನಲ್ಲಿ 'ಪೂರ್ತಿ' ಅಥವಾ 'ಭಾಗಶಃ' ಎಂಬ ಕಾಲಂ ಇಲ್ಲದಿದ್ದರೆ, ತಂತ್ರಾಂಶವು ಎರಡನ್ನೂ ಪೂರ್ತಿ ಎಂದೇ ಎಣಿಸಬಹುದು. ಆಗ ಮೊದಲನೆಯದಕ್ಕೆ ಲೀಟರಿಗೆ 32 ಕಿಲೋಮೀಟರ್, ಎರಡನೆಯದಕ್ಕೆ ಕೇವಲ 5.3 ಎಂಬ ಫಲಿತಾಂಶ ಬರುತ್ತದೆ. 32ನ್ನು ಯಾರೂ ಪ್ರಶ್ನಿಸುವುದಿಲ್ಲ. 5.3ನ್ನು ಕಂಡ ಮಾಲೀಕನಿಗೆ ಮಾತ್ರ ಡೀಸೆಲ್ ಕಳುವಾಯಿತೆಂಬ ಶಂಕೆ ಮೂಡುತ್ತದೆ. ತಪ್ಪೇನೂ ಮಾಡದ ಚಾಲಕನು ಉತ್ತರ ಹೇಳಬೇಕಾಗುತ್ತದೆ. ಆದುದರಿಂದ ಹಳೆಯ ರಸೀದಿಗಳನ್ನು ನೋಡಿ, ಚಾಲಕರನ್ನು ಕೇಳಿ, ಈ ಕಾಲಮನ್ನು ಮೊದಲೇ ತುಂಬಬೇಕು. ತಿಳಿಯದೆ ಉಳಿದುದನ್ನು 'ಭಾಗಶಃ' ಎಂದು ಗುರುತಿಸುವುದು ಕ್ಷೇಮ. ಆಗ ಆ ಇಂಧನವು ಮುಂದಿನ ಪೂರ್ತಿ ಟ್ಯಾಂಕಿನ ಲೆಕ್ಕಕ್ಕೆ ಸೇರಿಕೊಳ್ಳುತ್ತದೆ. ಪೆಟ್ರೋಲ್ ಬಂಕಿನ ರಸೀದಿಯ ಅಕ್ಷರಗಳು ಕಾಲಕ್ರಮದಲ್ಲಿ ಮಾಸುವುದರಿಂದ ಅವುಗಳ ಛಾಯಾಚಿತ್ರ ತೆಗೆದಿಡುವುದು ಒಳಿತು.

ಓಡೋಮೀಟರ್ ಕೆಟ್ಟು ಹೊಸದನ್ನು ಹಾಕಿಸಿದಾಗಲೂ ಇಂತಹುದೇ ತೊಡಕು ಉಂಟಾಗುತ್ತದೆ. ಹಳೆಯ ಮೀಟರಿನ ಕೊನೆಯ ಅಂಕಿ, ಹೊಸದರ ಮೊದಲ ಅಂಕಿ ಹಾಗೂ ಬದಲಿಸಿದ ದಿನಾಂಕ ಇವು ಮೂರನ್ನೂ ದಾಖಲಿಸಬೇಕು.

ತಾಳೆ ನೋಡುವ ಬಗೆ

2020ರ ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಇಂಗ್ಲೆಂಡಿನಲ್ಲಿ 15,841 ಕೋವಿಡ್ ಪ್ರಕರಣಗಳು ದೈನಂದಿನ ಲೆಕ್ಕದಿಂದ ಬಿಟ್ಟುಹೋಗಿದ್ದವು. ದತ್ತಾಂಶವನ್ನು ಸಾಗಿಸಲು ಬಳಸಿದ ಹಳೆಯ ಮಾದರಿಯ ಎಕ್ಸೆಲ್ ಕಡತದಲ್ಲಿ 65,536 ಸಾಲುಗಳಿಗಿಂತ ಹೆಚ್ಚು ಹಿಡಿಯುತ್ತಿರಲಿಲ್ಲ. ಉಳಿದವು ಸದ್ದಿಲ್ಲದೆ ಬಿದ್ದುಹೋದವು. ಸಾಗಣೆಗೆ ಮೊದಲೂ ಅನಂತರವೂ ಸಾಲುಗಳನ್ನು ಎಣಿಸಬೇಕೆಂಬ ಪಾಠವನ್ನು ಈ ಘಟನೆ ಕಲಿಸುತ್ತದೆ.

ಸಾಲುಗಳ ಸಂಖ್ಯೆ, ಒಟ್ಟು ಲೀಟರ್, ಒಟ್ಟು ವೆಚ್ಚ ಈ ಮೂರೂ ಎರಡು ಕಡೆ ಒಂದೇ ಆಗಿರಬೇಕು. ಮೀಟರ್ ಬದಲಾಗದ ವಾಹನದಲ್ಲಿ ಕೊನೆಯ ಅಂಕಿಯಿಂದ ಮೊದಲ ಅಂಕಿಯನ್ನು ಕಳೆದರೆ ಬರುವ ದೂರವು ಪ್ರಯಾಣಗಳ ಒಟ್ಟು ದೂರಕ್ಕೆ ಸಮನಾಗಿರಬೇಕು. ವ್ಯತ್ಯಾಸವಿದ್ದರೆ ಯಾವುದೋ ಪ್ರಯಾಣ ಬರೆಯದೆ ಉಳಿದಿದೆ ಎಂದರ್ಥ. ಮೊದಲು ಒಂದೇ ವಾಹನದ ದಾಖಲೆಯನ್ನು ಸಾಗಿಸಿ ಪರೀಕ್ಷಿಸಬೇಕು. ಅನಂತರ ಕನಿಷ್ಠ ಒಂದು ತಿಂಗಳ ಕಾಲ ಹಳೆಯದನ್ನೂ ಹೊಸದನ್ನೂ ಜೊತೆಜೊತೆಯಾಗಿ ಬರೆಯುತ್ತ ಹೋಗಬೇಕು.

ತಂತ್ರಾಂಶವನ್ನು ಆರಿಸುವಾಗ, ಅದರಲ್ಲಿ ಸೇರಿಸಿದ ದತ್ತಾಂಶವನ್ನು ಮುಂದೆ ಬೇಕಾದಾಗ ಪೂರ್ಣವಾಗಿ ಹೊರತೆಗೆಯಲು ಸಾಧ್ಯವೇ ಎಂಬುದನ್ನು ಮೊದಲೇ ವಿಚಾರಿಸತಕ್ಕದ್ದು. ಒಳಹೋದ ಲೆಕ್ಕ ಹೊರಬಾರದಿದ್ದರೆ ಮಾಲೀಕನು ತನ್ನ ದಾಖಲೆಗೇ ಪರಾಧೀನನಾಗುತ್ತಾನೆ.

ಕೊನೆಯದಾಗಿ, ತಂತ್ರಾಂಶವು ತೋರಿಸುವ ಅಂಕಿಯನ್ನು ಚಾಲಕನಿಗೂ ತೋರಿಸುವ ಪರಿಪಾಠ ಬೆಳೆಯಬೇಕು. ಹೆದ್ದಾರಿಯಲ್ಲಿ ಎಲ್ಲಿ ಎಷ್ಟು ಇಂಧನ ಹಾಕಿಸಿತೆಂಬುದನ್ನು ಬಲ್ಲವನು ಅವನೇ. ಲೆಕ್ಕ ತಪ್ಪಿದರೆ ಮೊದಲು ಹೇಳಬಲ್ಲವನೂ ಅವನೇ. ಇಬ್ಬರೂ ಕಂಡು ಒಪ್ಪಿದ ಲೆಕ್ಕವು ಹಣವನ್ನು ಉಳಿಸುತ್ತದೆ, ಪರಸ್ಪರ ವಿಶ್ವಾಸವನ್ನೂ ಉಳಿಸುತ್ತದೆ.