ಹೀರುವ ಪಂಪಿಗೊಂದು ಎಲ್ಲೆ

ತೆರೆದ ಬಾವಿಯಿಂದ ನೀರೆತ್ತುವ ಸೆಂಟ್ರಿಫ್ಯೂಗಲ್ ಪಂಪನ್ನು ನೀರಿನ ಹತ್ತಿರವೇ ಕೂರಿಸಬೇಕು. ಬೇಸಿಗೆಯಲ್ಲಿ ನೀರು ಇಳಿದರೆ ಪಂಪನ್ನೂ ಇಳಿಸಬೇಕು. ಮೋಟಾರಿನ ಎಚ್‌ಪಿ ಎಷ್ಟು ಹೆಚ್ಚಿಸಿದರೂ ಈ ಪಾಡು ತಪ್ಪದು. ಏಕೆಂದರೆ ಪಂಪು ನೀರನ್ನು ಎಳೆಯುವುದೇ ಇಲ್ಲ. ಪೈಪಿನೊಳಗಿನ ಒತ್ತಡವನ್ನು ತಗ್ಗಿಸುವುದಷ್ಟೇ ಅದರ ಕೆಲಸ. ನೀರನ್ನು ಮೇಲಕ್ಕೆ ನೂಕುವುದು ಬಾವಿಯ ಮೇಲಿರುವ ಗಾಳಿ.

ಪಂಪು ಸುಮಾರು ಹತ್ತು ಮೀಟರ್‌ಗಿಂತ ಮೇಲಕ್ಕೆ ನೀರನ್ನು ಹೀರಲಾರದು ಎಂಬುದನ್ನು ಗೆಲಿಲಿಯೊ 1638ರಲ್ಲೇ ದಾಖಲಿಸಿದ್ದ. ನೀರಿನ ಕಂಬ ತನ್ನ ಭಾರಕ್ಕೇ ತುಂಡಾಗುತ್ತದೆ ಎಂಬುದು ಅವನ ಊಹೆ. ಗಾಳಿಗೂ ತೂಕವಿದೆ, ಎತ್ತುವುದು ಆ ತೂಕವೇ ಎಂದು ಟೊರಿಸೆಲ್ಲಿ ವಾದಿಸಿದ. ಪಾದರಸ ತುಂಬಿದ ಗಾಜಿನ ನಳಿಕೆಯನ್ನು ಪಾದರಸದ ಬಟ್ಟಲಿನಲ್ಲಿ ತಲೆಕೆಳಗಾಗಿಸಿದಾಗ, ನಳಿಕೆಯ ಪಾದರಸ ಸುಮಾರು 76 ಸೆಂ.ಮೀ. ಎತ್ತರಕ್ಕೆ ಇಳಿದು ನಿಂತಿತು. ಪಾದರಸ ನೀರಿಗಿಂತ 13.6 ಪಟ್ಟು ಭಾರ. ಗುಣಿಸಿದರೆ ಬರುವುದು 10.3 ಮೀಟರ್, ಅಂದರೆ ಪಂಪಿನ ಅದೇ ಎಲ್ಲೆ!

ಹಾಗಾದರೆ ಬೆಟ್ಟ ಹತ್ತಿದಂತೆ ಪಾದರಸ ಇಳಿಯಬೇಕಲ್ಲವೇ? ಪ್ಯಾಸ್ಕಲ್‌ನ ಕೋರಿಕೆಯಂತೆ ಅವನ ಭಾವ ಪೆರಿಯೆ 1648ರ ಸೆಪ್ಟೆಂಬರ್ 19ರಂದು ಫ್ರಾನ್ಸಿನ ಪುಯ್ ದ ಡೋಮ್ ಬೆಟ್ಟ ಏರಿದ. ಬುಡದ ಊರಿಗಿಂತ ತುದಿಯಲ್ಲಿ ಪಾದರಸ ಎಂಟು ಸೆಂ.ಮೀ.ಗೂ ಹೆಚ್ಚು ಕೆಳಗಿತ್ತು. ಊರಿನ ಮಠದಲ್ಲಿ ಬಿಟ್ಟಿದ್ದ ಇನ್ನೊಂದು ನಳಿಕೆಯನ್ನು ಪಾದ್ರಿಯೊಬ್ಬರು ದಿನವಿಡೀ ಕಾದಿದ್ದರು, ಅದು ಕದಲಿರಲಿಲ್ಲ. ವ್ಯತ್ಯಾಸಕ್ಕೆ ಹವೆಯ ಏರುಪೇರು ಕಾರಣವೆನ್ನಲು ಎಡೆಯೇ ಉಳಿಯಲಿಲ್ಲ.

ಪಂಪು ಒತ್ತಡ ತಗ್ಗಿಸುವ ಬಗೆಗೆ ಸೂತ್ರ ಸಿಕ್ಕಿದ್ದು 1662ರಲ್ಲಿ, ರಾಬರ್ಟ್ ಬಾಯ್ಲ್‌ನಿಂದ. ಉಷ್ಣತೆ ಬದಲಾಗದಿದ್ದರೆ, ಅನಿಲಕ್ಕೆ ಎರಡು ಪಟ್ಟು ಜಾಗ ಕೊಟ್ಟಾಗ ಅದರ ಒತ್ತಡ ಅರ್ಧಕ್ಕಿಳಿಯುತ್ತದೆ. ಕೈಪಂಪಿನ ಹಿಡಿ ಒತ್ತಿದಾಗ ಒಳಗಿನ ಕೊಂತ ಮೇಲೇರಿ, ಕೆಳಗೆ ಸಿಕ್ಕಿದ ಗಾಳಿಗೆ ಜಾಗ ಹೆಚ್ಚುತ್ತದೆ. ಅದರ ಒತ್ತಡ ಕುಗ್ಗಿದಷ್ಟೂ ನೀರು ಮೇಲೇರುತ್ತದೆ.

ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಗಾಳಿಯ ಒತ್ತಡ ಕಡಿಮೆ. ಲೆಕ್ಕದ ಮಿತಿಯೇ ಒಂಬತ್ತು ಮೀಟರ್ ಚಿಲ್ಲರೆಗೆ ಇಳಿಯುತ್ತದೆ. ಪೈಪಿನೊಳಗಿನ ಘರ್ಷಣೆ, ಕಡಿಮೆ ಒತ್ತಡದಲ್ಲಿ ನೀರೇ ಆವಿಯಾಗುವ ಗುಣ ಇವೆರಡೂ ಸೇರಿ ಅದನ್ನು ಇನ್ನಷ್ಟು ಮೊಟಕುಗೊಳಿಸುತ್ತವೆ. ನೂರಾರು ಅಡಿ ಆಳದ ಕೊಳವೆಬಾವಿಗೆ ಸಬ್‌ಮರ್ಸಿಬಲ್ ಪಂಪೇ ಬೇಕಾಗುವುದು ಇದಕ್ಕೇ. ನೀರಿನಲ್ಲೇ ಮುಳುಗಿ ಕೆಳಗಿನಿಂದ ನೂಕುವ ಅದಕ್ಕೆ ಗಾಳಿಯ ಹಂಗಿಲ್ಲ. ಮೋಟಾರಿಗೆ ಕಸುವು, ಪೈಪಿಗೆ ತಾಳಿಕೆ ಇದ್ದರಾಯಿತು.