ಮನೆಯೊಳಗಿನ ಸಸಿಗಳಿಗೆ ಮಿತವ್ಯಯದ ಬೆಳಕು

ಸಸ್ಯಜೀವನಕ್ಕೆ ಮಣ್ಣು, ನೀರುಗಳು ಎಷ್ಟು ಅವಶ್ಯಕವೋ ಬೆಳಕೂ ಅಷ್ಟೇ ಅವಶ್ಯಕ. ಎಲೆಯಲ್ಲಿನ ಪತ್ರಹರಿತ್ತು ಬೆಳಕಿನ ಶಕ್ತಿಯನ್ನು ಬಳಸಿಕೊಂಡು ನೀರು ಹಾಗೂ ಇಂಗಾಲಾಮ್ಲ ಅನಿಲಗಳಿಂದ ಆಹಾರವನ್ನು ಸಿದ್ಧಪಡಿಸುತ್ತದೆ. ಬೆಳಕಿನ ಕೊರತೆಯನ್ನು ಯಾವ ಗೊಬ್ಬರವೂ ತುಂಬಲಾರದು.

ಮಂಗಳೂರಿನ ಬಲ್ಮಠದಂತಹ ಪ್ರದೇಶದಲ್ಲಿ ಈ ವಿಚಾರಕ್ಕೆ ವಿಶೇಷ ಮಹತ್ವವಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯುವ ಮಳೆಗೆ ಬಯಲಿನಲ್ಲಿ ಬಿತ್ತಿದ ಹರಿವೆ, ಮೆಣಸು, ಬದನೆಗಳ ಎಳೆಯ ಸಸಿಗಳು ನೆಲಕಚ್ಚುತ್ತವೆ. ಒಳಗಿಟ್ಟರೆ ಬೆಳಕಿಲ್ಲದೆ ಬಿಳಿಚಿಕೊಂಡು ಉದ್ದುದ್ದ ಬೆಳೆದು ಬಾಗುತ್ತವೆ.

ನಮ್ಮ ಕಣ್ಣು ಮಂದ ಬೆಳಕಿಗೂ ಹೊಂದಿಕೊಳ್ಳುವುದರಿಂದ ಈ ಕೊರತೆ ನಮಗೆ ಅರಿವಾಗುವುದಿಲ್ಲ. ನಡುಹಗಲಿನ ಬಿಸಿಲು ಸುಮಾರು 1 ಲಕ್ಷ ಲಕ್ಸ್‌ನಷ್ಟಿದ್ದರೆ, ಕಿಟಕಿಯಿಂದ ದೂರವಿರುವ ಕೋಣೆಯೊಳಗೆ ಕೆಲವು ನೂರು ಲಕ್ಸ್ ಮಾತ್ರ ದೊರೆಯುತ್ತದೆ. ಜರಿಗಿಡ, ಮನಿ ಪ್ಲಾಂಟ್‌ಗಳಿಗೆ ಒಂದೆರಡು ಸಾವಿರ ಲಕ್ಸ್ ಸಾಕು. ತರಕಾರಿಯ ಸಸಿಗಳಿಗೆ ಆರೇಳು ಸಾವಿರವಾದರೂ ಬೇಕು. ತುಳಸಿ, ಬಿಲ್ವಗಳು ಬಿಸಿಲನ್ನೇ ಬಯಸುವಂಥವು. ಅವನ್ನು ಕೆಲವು ವಾರ ಒಳಗೆ ಕಾಪಾಡಬಹುದೇ ಹೊರತು ಅಲ್ಲಿಯೇ ಬೆಳೆಸುವುದು ಕಷ್ಟ.

ಖರ್ಚಿಲ್ಲದ ಬೆಳಕನ್ನು ಮೊದಲು ಬಳಸಿಕೊಳ್ಳುವುದು ಜಾಣತನ. ಬಾಸೆಲ್ ಮಿಶನ್ 1865ರಲ್ಲಿ ಹೆಂಚಿನ ಕಾರ್ಖಾನೆಯನ್ನು ಆರಂಭಿಸಿದ ಊರು ನಮ್ಮದು. ಹೆಂಚಿನ ಮಾಡಿನ ನಡುವೆ ಅಲ್ಲಲ್ಲಿ ಗಾಜಿನ ಹೆಂಚನ್ನು ಹೊದಿಸುವುದು ಇಲ್ಲಿನ ರೂಢಿ. ಅದರ ಕೆಳಗೆ ಅಥವಾ ತೆರೆದ ಕಿಟಕಿಯ ಬಳಿ ಸಸಿಗಳನ್ನಿಟ್ಟು, ಹಿಂದಿನ ಗೋಡೆಗೆ ಸುಣ್ಣ ಬಳಿದರೆ ಅರ್ಧ ಕೆಲಸ ಆದಂತೆ.

ಇಷ್ಟು ಸಾಲದಾದಾಗ ದೀಪವನ್ನು ಆಯ್ದುಕೊಳ್ಳಬೇಕು. ತಂತಿ ಉರಿಯುವ ಹಳೆಯ ಬಲ್ಬು ವಿದ್ಯುತ್ತಿನ ಬಹುಭಾಗವನ್ನು ಶಾಖವಾಗಿಯೇ ಕಳೆಯುತ್ತದೆ. ಗಿಡಗಳಿಗೆಂದೇ ಮಾರುವ ನೇರಳೆ ಬಣ್ಣದ ದುಬಾರಿ ದೀಪಗಳೂ ಅನಿವಾರ್ಯವಲ್ಲ. ಸಸ್ಯಕ್ಕೆ ಬೇಕಾದ ಕೆಂಪು, ನೀಲಿ ಕಿರಣಗಳೆರಡೂ ಸಾಮಾನ್ಯ ಬಿಳಿಯ ಎಲ್.ಇ.ಡಿ. ಟ್ಯೂಬ್‌ಲೈಟಿನಲ್ಲಿಯೇ ಇವೆ. ಕೊಳ್ಳುವಾಗ ವಾಟ್‌ಗಿಂತ ಲ್ಯೂಮೆನ್ ಎಷ್ಟೆಂಬುದನ್ನು ನೋಡಬೇಕು. 20 ವಾಟಿನ ಟ್ಯೂಬ್‌ಲೈಟು ಸುಮಾರು 2,000 ಲ್ಯೂಮೆನ್ ಬೆಳಕು ನೀಡುತ್ತದೆ.

4 ಅಡಿ ಉದ್ದ, 1 ಅಡಿ ಅಗಲದ ಹಲಗೆಯ ಮೇಲೆ ಇಂತಹ ಎರಡು ಟ್ಯೂಬ್‌ಲೈಟುಗಳನ್ನು ಎಲೆಗಳಿಂದ ಅರ್ಧ ಅಡಿಯಿಂದ ಒಂದು ಗೇಣಿನಷ್ಟು ಎತ್ತರದಲ್ಲಿ ಕಟ್ಟಿದರೆ, ಆಚೀಚೆ ಚದುರಿ ನಷ್ಟವಾಗುವುದನ್ನು ಕಳೆದರೂ ಸುಮಾರು 7,000 ಲಕ್ಸ್ ದೊರೆಯುತ್ತದೆ. ಅದೇ ದೀಪವನ್ನು ಮಾಡಿನಲ್ಲಿ ತೂಗುಹಾಕಿದರೆ ಪ್ರಯೋಜನ ಅತ್ಯಲ್ಪ. ಸಸಿ ಬೆಳೆದಂತೆ ದೀಪವನ್ನೂ ಮೇಲೇರಿಸಬೇಕು. ದಿನಕ್ಕೆ 15 ಗಂಟೆ ಉರಿಸಿದರೆ ತಗಲುವುದು 0.6 ಯೂನಿಟ್, ಅಂದರೆ ತಿಂಗಳಿಗೆ 18 ಯೂನಿಟ್. ಉಳಿದ ಹೊತ್ತು ಗಿಡಕ್ಕೂ ಕತ್ತಲೆಯ ವಿಶ್ರಾಂತಿ ಇರಲಿ. ನೀರು ಸಿಡಿಯದಂತೆ ಸ್ವಿಚ್ಚು, ತಂತಿಗಳನ್ನು ಎತ್ತರದಲ್ಲಿಡುವುದು ಅತ್ಯಗತ್ಯ.

ಬೆಳಕು ಸಾಕೇ ಎಂದು ತಿಳಿಯಲು ಎಲೆಗಳ ಮೇಲೆ ಒಂದು ಅಡಿ ಎತ್ತರದಲ್ಲಿ ಕೈಯನ್ನು ಹಿಡಿದು ನೋಡಬಹುದು. ಕಿಟಕಿಯ ಬೆಳಕಿನಲ್ಲಿ ನೆರಳು ಸ್ಪಷ್ಟವಾಗಿದ್ದರೆ ಸಾಕು, ಮಸುಕಾಗಿದ್ದರೆ ಮಧ್ಯಮ. ನೆರಳೇ ಬೀಳದಿದ್ದರೆ ದೀಪ ಬೇಕು.

ಹೂ, ಕಾಯಿ ಬಿಡುವವರೆಗೂ ಬದನೆಯನ್ನು ದೀಪದಲ್ಲಿ ಬೆಳೆಸಹೊರಟರೆ ಖರ್ಚು ಫಲವನ್ನು ಮೀರುತ್ತದೆ. ಮಳೆ ತಗ್ಗುವವರೆಗೆ ಸಸಿಗಳನ್ನು ಸಲಹಿ, ಅನಂತರ ಅವನ್ನು ಕ್ರಮೇಣ ಬಿಸಿಲಿಗೆ ಒಗ್ಗಿಸಿ ಅಂಗಳಕ್ಕೆ ದಾಟಿಸುವುದೇ ಸರಿಯಾದ ಮಾರ್ಗ.

ಶಾಲೆಗೆ ಕೊಡುಗೆ ನೀಡಬಯಸುವ ದಾನಿಗಳು ಬೆಲೆಬಾಳುವ ಉಪಕರಣಗಳನ್ನೇ ಹುಡುಕಬೇಕಾಗಿಲ್ಲ. ವಿಜ್ಞಾನದ ಕೊಠಡಿಗೆ ಒಂದು ಹಲಗೆ, ಎರಡು ಟ್ಯೂಬ್‌ಲೈಟು ಸಾಕು. ಅಧ್ಯಾಪಕರ ಮಾರ್ಗದರ್ಶನದಲ್ಲಿ ಮಕ್ಕಳು ತಮ್ಮ ಕೈಯಾರೆ ಬೆಳೆಸಿದ ಸಸಿಗಳು ದಾಸೋಹದ ಅಡುಗೆಮನೆಗೆ ಸೊಪ್ಪು ತರಕಾರಿಗಳನ್ನು ಒದಗಿಸಿದಾಗ, ಪಾಠವೂ ಕಾಯಕವೂ ಒಂದಾಗುತ್ತವೆ.