ಟೋಕನ್ ಕೊಡುವ ಮುನ್ನ ಗೋಡೆ ಮುಟ್ಟಿ ನೋಡಿ

“ಇನ್ನೊಂದು ಪಾರ್ಟಿಯವರು ನೋಡಿ ಒಪ್ಕೊಂಡು ಹೋಗಿದ್ದಾರೆ ಸಾರ್. ಇವತ್ತೇ ಟೋಕನ್ ಹಾಕಿಬಿಟ್ರೆ ಮನೆ ನಿಮ್ದು.” ಬೆಂಗಳೂರಿನಲ್ಲಿ ರೀಸೇಲ್ ಫ್ಲ್ಯಾಟ್ ಹುಡುಕಿದ ಯಾರಿಗೂ ಬ್ರೋಕರ್‌ನ ಈ ಮಾತು ಹೊಸದಲ್ಲ. ಅವಸರಕ್ಕೆ ಬಿದ್ದು ಮೊದಲು ದುಡ್ಡು ಕೊಡುತ್ತೇವೆ, ಆಮೇಲೆ ಕಾಗದಪತ್ರ ಕೇಳುತ್ತೇವೆ, ಗೃಹಪ್ರವೇಶವಾದ ಮೇಲೆ ಗೋಡೆ ನೋಡುತ್ತೇವೆ. ನಿಜವಾಗಿ ಇದು ಹಿಂದುಮುಂದಾಗಬೇಕು.

ಏಕೆಂದರೆ ಕಾನೂನು ಕೊಳ್ಳುವವನಿಂದಲೂ ಎಚ್ಚರ ಬಯಸುತ್ತದೆ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 55ನೇ ಕಲಂ ಪ್ರಕಾರ, ಬೇರೆ ಒಪ್ಪಂದವಿಲ್ಲದಿದ್ದರೆ, ಕೊಳ್ಳುವವನು ಸಾಮಾನ್ಯ ಎಚ್ಚರದಿಂದ ಕಂಡುಕೊಳ್ಳಲಾಗದ, ತನಗೆ ಗೊತ್ತಿರುವ ಮುಖ್ಯ ದೋಷಗಳನ್ನು ಮಾರುವವನು ಹೇಳಲೇಬೇಕು. ಕಣ್ಣಿಟ್ಟು ನೋಡಿದ್ದರೆ ಕಾಣುತ್ತಿದ್ದ ದೋಷದ ಬಗ್ಗೆ ಆಮೇಲೆ ತಕರಾರು ತೆಗೆಯುವುದು ಕಷ್ಟ.

ನಾಲ್ಕು ಸಾಲು ಬರೆಸಿ

ಮಾರಾಟದ ಕರಾರು ಪತ್ರದಿಂದಲೇ ಸ್ವತ್ತಿನ ಮೇಲೆ ಹಕ್ಕು ಹುಟ್ಟುವುದಿಲ್ಲ ಎನ್ನುತ್ತದೆ ಅದೇ ಕಾಯ್ದೆಯ 54ನೇ ಕಲಂ. ಹಾಗಿರುವಾಗ ಬಾಯಿಮಾತಿನ ಟೋಕನ್ ಎಷ್ಟರಮಟ್ಟಿನ ಆಸರೆ? ಒಪ್ಪಿದ ಬೆಲೆ, ಕರಾರಿನ ಗಡುವು, ಅಸೋಸಿಯೇಷನ್ ಬಾಕಿ ಯಾರ ಲೆಕ್ಕಕ್ಕೆ ಎಂಬುದನ್ನು ಬರೆಸಿ. ದಾಖಲೆಯಲ್ಲಿ ತೊಡಕಿದ್ದರೆ, ಅದರಿಂದ ಸಾಲ ಸಿಗದಿದ್ದರೆ ಅಥವಾ ಎಂಜಿನಿಯರ್ ಪರಿಶೀಲನೆಯಲ್ಲಿ ಗಂಭೀರ ದೋಷ ಕಂಡರೆ ಹಣ ಪೂರ್ತಿ ವಾಪಸ್ ಎಂಬ ಸಾಲಂತೂ ಇರಲೇಬೇಕು. ಸ್ಥಿರಾಸ್ತಿಯ ಮುಂಗಡವನ್ನು 20,000 ರೂಪಾಯಿ ಅಥವಾ ಹೆಚ್ಚು ನಗದಾಗಿ ಪಡೆಯುವುದು ಆದಾಯ ತೆರಿಗೆ ಕಾನೂನಿಗೆ ವಿರುದ್ಧ. ಬ್ಯಾಂಕ್ ಮೂಲಕವೇ ಕೊಡಿ. ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆ (ರೇರಾ) ಅಡಿ ನೋಂದಣಿಯಾದ ಹೊಸ ಯೋಜನೆಯಾದರೆ, ಕರಾರು ನೋಂದಣಿಯಾಗುವ ಮುನ್ನ ಬಿಲ್ಡರ್ ಬೆಲೆಯ ಶೇ 10ಕ್ಕಿಂತ ಹೆಚ್ಚು ಪಡೆಯುವಂತಿಲ್ಲ.

ಇ.ಸಿ. ಹೇಳದ ಸಂಗತಿ

ಕಾವೇರಿ ಪೋರ್ಟಲ್‌ನಲ್ಲಿ ಋಣಭಾರ ಪ್ರಮಾಣಪತ್ರ, ಅಂದರೆ ಇ.ಸಿ., ಮನೆಯಿಂದಲೇ ಸಿಗುತ್ತದೆ. ಆದರೆ ಅದರಲ್ಲಿ ಬರುವುದು ನೋಂದಣಿಯಾದ ವ್ಯವಹಾರ ಮಾತ್ರ. ನೋಂದಣಿಯಾಗದ ಕರಾರು, ಬಾಯಿಮಾತಿನ ಪಾಲು, ಕೋರ್ಟಿನಲ್ಲಿರುವ ದಾವೆ ಅದರಲ್ಲಿ ಕಾಣದೇ ಇರಬಹುದು. ಮಾರುವವರ ಹೆಸರಿನಲ್ಲಿ ಇ-ಕೋರ್ಟ್ಸ್ ಜಾಲತಾಣದಲ್ಲೂ ಹುಡುಕಿಸಿ. ಪಿತ್ರಾರ್ಜಿತ ಆಸ್ತಿಯಾದರೆ ವಂಶವೃಕ್ಷ ಕೇಳಿ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಹಿಂದೂ ಅವಿಭಕ್ತ ಕುಟುಂಬದ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಹಕ್ಕು ಕೊಟ್ಟಿದೆ. ಹುಟ್ಟಿನಿಂದಲೇ ಆ ಹಕ್ಕು ಬರುತ್ತದೆಂದು 2020ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ. ಮದುವೆಯಾಗಿ ಹೋದ ಅಕ್ಕತಂಗಿಯರ ಸಹಿ ಬಿಟ್ಟುಹೋದ ಕ್ರಯಪತ್ರಗಳೇ ಮುಂದೆ ವ್ಯಾಜ್ಯವಾಗುವುದು. ಜಿ.ಪಿ.ಎ., ಅಂದರೆ ಸಾಮಾನ್ಯ ಅಧಿಕಾರ ಪತ್ರದ ಮೇಲಿನ ಮಾರಾಟದಿಂದ ಮಾಲೀಕತ್ವ ಬರುವುದಿಲ್ಲವೆಂದು 2011ರಲ್ಲೇ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದೆ. ಇ-ಖಾತಾ, ಮೂಲಪತ್ರ, ಮಂಜೂರಾದ ನಕ್ಷೆ, ವಾಸಯೋಗ್ಯ ಪ್ರಮಾಣಪತ್ರ ಎಲ್ಲವನ್ನೂ ನಿಮ್ಮ ವಕೀಲರೇ ನೋಡಲಿ. ಬ್ಯಾಂಕಿನ ವಕೀಲರು ನೋಡುವುದು ಬ್ಯಾಂಕಿನ ಹಿತವನ್ನು.

ಕೈಯಲ್ಲಿ ಎಷ್ಟಿರಬೇಕು?

80 ಲಕ್ಷದ ಫ್ಲ್ಯಾಟ್ ಎಂದುಕೊಳ್ಳಿ. 75 ಲಕ್ಷ ಮೀರಿದ ಗೃಹಸಾಲಕ್ಕೆ ಆರ್‌ಬಿಐ ಮಿತಿ ಮನೆಯ ಬೆಲೆಯ ಶೇ 75, ಅದಕ್ಕಿಂತ ಕಡಿಮೆಯ 30 ಲಕ್ಷದ ಮೇಲಿನ ಸಾಲಕ್ಕೆ ಶೇ 80. ಹಾಗಾಗಿ ಸಾಲ ಹೆಚ್ಚೆಂದರೆ 64 ಲಕ್ಷ. 16 ಲಕ್ಷ ಕೈಯಿಂದ. ನಗರದಲ್ಲಿ ಮುದ್ರಾಂಕ ಶುಲ್ಕ ಸೆಸ್, ಸರ್‌ಚಾರ್ಜ್ ಸೇರಿ ಶೇ 5.6. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 2. ಇವೆರಡಕ್ಕೇ 6.08 ಲಕ್ಷ. ಸರ್ಕಾರದ ಮಾರ್ಗಸೂಚಿ ದರ ಇನ್ನೂ ಹೆಚ್ಚಿದ್ದರೆ ಲೆಕ್ಕ ಅದರ ಮೇಲೆ. 50 ಲಕ್ಷ ಅಥವಾ ಮೇಲ್ಪಟ್ಟ ವ್ಯವಹಾರದಲ್ಲಿ, ಮಾರುವವರು ಭಾರತದ ನಿವಾಸಿಯಾಗಿದ್ದರೆ, ಅವರಿಗೆ ಕೊಡುವ ಹಣದಲ್ಲಿ ಶೇ 1 ಮುರಿದು ಟಿಡಿಎಸ್ ಕಟ್ಟುವ ಹೊಣೆಯೂ ನಿಮ್ಮದೇ.

ಮಳೆ ಬಂದ ಮರುದಿನ ಹೋಗಿ

ಈಗ ಮನೆಯೊಳಕ್ಕೆ ಬನ್ನಿ. ಮಳೆ ಸುರಿದ ಮರುದಿನ, ಹಗಲು ಬೆಳಕಿನಲ್ಲಿ. ಒಂದೇ ಗೋಡೆಗೆ ಹೊಸ ಬಣ್ಣ ಬಳಿದಿದ್ದರೆ ಕಾರಣ ಕೇಳಿ. ಬಚ್ಚಲಿನ ಹಿಂಬದಿಯ ಗೋಡೆಗೆ ಅಂಗೈ ಇಟ್ಟು ನೋಡಿ. ತಣ್ಣಗೆ ಒದ್ದೆಯಾಗಿದ್ದರೆ, ಬಣ್ಣ ಉಬ್ಬಿದ್ದರೆ ಒಳಗೆ ಪೈಪ್ ಸೋರುತ್ತಿರಬಹುದು. ಟೈಲ್ಸ್ ಮೇಲೆ ನಾಣ್ಯದಿಂದ ತಟ್ಟಿ. ಟೊಳ್ಳು ಸದ್ದು ಬಂದರೆ ಹಾಸು ಸಡಿಲ. ಗಾರೆಯ ಕೂದಲೆಳೆ ಬಿರುಕಿಗೆ ಅಂಜಬೇಕಿಲ್ಲ. ಕಿಟಕಿಯ ಮೂಲೆಯಿಂದ ಓರೆಯಾಗಿ ಓಡಿದ ಅಗಲ ಬಿರುಕು, ಪಿಲ್ಲರ್-ಬೀಮ್‌ಗಳಲ್ಲಿ ತುಕ್ಕಿನ ಕಲೆ ಕಂಡರೆ ಸಿವಿಲ್ ಎಂಜಿನಿಯರನ್ನು ಕರೆಸದೆ ಮುಂದೆ ಹೋಗಬೇಡಿ. ನಲ್ಲಿಗಳನ್ನೆಲ್ಲ ಒಟ್ಟಿಗೆ ಬಿಟ್ಟು ನೀರಿನ ರಭಸ ನೋಡಿ. ಕಾವೇರಿ ನೀರು ಎಷ್ಟು ದಿನಕ್ಕೊಮ್ಮೆ, ಬೇಸಿಗೆಯಲ್ಲಿ ಟ್ಯಾಂಕರ್ ಎಷ್ಟು ಎಂದು ಮಾಲೀಕರ ಬದಲು ವಾಚ್‌ಮನ್‌ನನ್ನು, ಪಕ್ಕದ ಮನೆಯವರನ್ನು ಕೇಳಿ. ಟೇಪ್ ಹಿಡಿದು ಕಾರ್ಪೆಟ್ ಏರಿಯಾ ಅಳೆಯಿರಿ. ಬೆಲೆ ಹೇಳುವುದು ಸೂಪರ್ ಬಿಲ್ಟ್‌ಅಪ್‌ಗೆ, ವಾಸ ಮಾಡುವುದು ಕಾರ್ಪೆಟ್ ಮೇಲೆ.

ಬಿಲ್ಡರ್‌ನಿಂದ ಕೊಂಡ ಹೊಸ ಮನೆಗೆ ರೇರಾ ರಕ್ಷಣೆಯಿದೆ: ಸ್ವಾಧೀನದಿಂದ ಐದು ವರ್ಷದೊಳಗೆ ತಿಳಿಸಿದ ಕಟ್ಟಡದ ದೋಷವನ್ನು 30 ದಿನದಲ್ಲಿ ಖರ್ಚಿಲ್ಲದೆ ಸರಿಪಡಿಸಬೇಕು. ಹಳೆಯ ಮನೆಗೆ ಎಷ್ಟೋ ಸಲ ಆ ಕಾಲ ಮುಗಿದಿರುತ್ತದೆ. ಕಂಡ ದೋಷಗಳನ್ನೆಲ್ಲ ಪಟ್ಟಿ ಮಾಡಿ, ರಿಪೇರಿ ಖರ್ಚನ್ನು ಬೆಲೆಯಲ್ಲಿ ಇಳಿಸಿಕೊಳ್ಳಿ. ಇಷ್ಟಕ್ಕೆಲ್ಲ ಎರಡು ವಾರ ಕಾಯಲು ಒಪ್ಪದ, ಎಂಜಿನಿಯರನ್ನು ಒಳಗೆ ಬಿಡದ ಮಾಲೀಕರ ಮನೆ ಎಷ್ಟೇ ಚೆನ್ನಾಗಿದ್ದರೂ ಕೈಬಿಡಿ. ಬೆಂಗಳೂರಿನಲ್ಲಿ ಮಾರಾಟಕ್ಕಿರುವ ಮನೆ ಅದೊಂದೇ ಅಲ್ಲ.